ಹಾಲು ಹಾಕದ ದಿನಗಳು

ಏಳು ದಿನದ ಸರಾಸರಿ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಹಾಲಿನ ಮಾತಿನಲ್ಲೇ ಹೇಳುತ್ತೇನೆ. ಬೇರೆ ಮಾತು ನನಗೆ ಬರುವುದಿಲ್ಲ. ಇವತ್ತಿನ ಹಾಲು, ನಿನ್ನೆಯದು, ಮೊನ್ನೆಯದು, ಹೀಗೆ ಏಳು ದಿನದ್ದನ್ನು ಕೂಡಿಸಿ ಏಳರಿಂದ ಭಾಗಿಸಬೇಕು. ನಾಳೆ ಬಂತೆಂದರೆ ನಾಳೆಯದನ್ನು ಸೇರಿಸಿ ಎಲ್ಲಕ್ಕಿಂತ ಹಳೆಯದನ್ನು ಬಿಟ್ಟುಬಿಡಬೇಕು. ಹೀಗೆ ಮಾಡಿದರೆ ಒಂದು ದಿನ ಎಮ್ಮೆ ಒದ್ದು ಹಾಲು ಚೆಲ್ಲಿದ್ದು, ಇನ್ನೊಂದು ದಿನ ನೆಂಟರು ಬಂದು ಹಾಲೆಲ್ಲ ಮನೆಯಲ್ಲೇ ಖರ್ಚಾದದ್ದು ಯಾವುದೂ ಎದ್ದು ಕಾಣುವುದಿಲ್ಲ. ಪರದೆಯ ಮೇಲಿನ ಗೆರೆ ಅಲುಗಾಡದೆ ಸಾಗುತ್ತದೆ. ಆಫೀಸುಗಳಿಗೆ ಅಲುಗಾಡದ ಗೆರೆ ಅಂದರೆ ಪ್ರಾಣ, ಅದನ್ನು ಎಳೆದುಕೊಡುವುದೇ ನನ್ನ ಉದ್ಯೋಗ.

ಆಫೀಸು ಶಿರಸಿಯಲ್ಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಹಳ್ಳಿಗಳಿಂದ ಹಾಲು ಸಂಗ್ರಹಿಸುವ ಸಂಸ್ಥೆ ಅದು. ಪ್ರತಿ ಹಳ್ಳಿಯ ಡೇರಿಯಲ್ಲಿ ಒಂದು ಯಂತ್ರ ಇರುತ್ತದೆ. ಹಾಲು ಹಾಕುವವರ ಸದಸ್ಯ ಸಂಖ್ಯೆ, ಎಷ್ಟು ಲೀಟರ್, ಎಷ್ಟು ಕೊಬ್ಬು, ಬೆಳಿಗ್ಗೆಯದೋ ಸಂಜೆಯದೋ ಎಲ್ಲವೂ ಅದರಿಂದ ನಮ್ಮ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಬಿದ್ದದ್ದನ್ನು ಜೋಡಿಸಿ, ದಿನಾಂಕದ ಕೋಷ್ಟಕಕ್ಕೆ ಕೊಂಡಿ ಹಾಕಿ, ಈ ವಾರದ ಸರಾಸರಿ, ಈ ತಿಂಗಳ ಸರಾಸರಿ, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂದೆಲ್ಲ ಪರದೆಯ ಮೇಲೆ ತೋರಿಸುವವಳು ನಾನು. ಊರಿನಲ್ಲಿ ಇದಕ್ಕೆ ಕಂಪ್ಯೂಟರ್ ಕೆಲಸ ಎಂದು ಹೆಸರು. ಅವ್ವ ಮಾತ್ರ ನೆಂಟರ ಎದುರು ಬೇರೆ ಥರ ಹೇಳುತ್ತಿದ್ದಳು. "ನನ್ನ ಮಗಳು ಹಾಲು ಕಣ್ಣಲ್ಲಿ ನೋಡದೇ ಹಾಲು ಅಳೀತಾಳೆ, ಅದಕ್ಕೆ ಸಂಬಳನೂ ಕೊಡ್ತಾರೆ."

ನನ್ನ ತವರು ಯಲ್ಲಾಪುರ ತಾಲೂಕಿನಲ್ಲಿ ನಂದೊಳ್ಳಿ ಕಡೆಯ ಒಂದು ಕೇರಿ. ಹದಿನಾಲ್ಕು ಮನೆ, ಗದ್ದೆ, ಮನೆಗೆ ಎರಡೋ ಮೂರೋ ಎಮ್ಮೆ. ನಾನು ಚಿಕ್ಕವಳಿದ್ದಾಗ ಹಾಲನ್ನು ನಾಲ್ಕು ಕಿಲೋಮೀಟರ್ ಆಚೆಯ ಡೇರಿಗೆ ಹೊತ್ತು ಹಾಕಬೇಕಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಂದು ದಿನ ಅವ್ವ ಕೇರಿಯ ಏಳು ಹೆಂಗಸರನ್ನು ಕರೆದುಕೊಂಡು, ತುಂಬಿದ ಕ್ಯಾನುಗಳ ಸಮೇತ ಬಸ್ಸು ಹತ್ತಿ ಶಿರಸಿ ಆಫೀಸಿನ ಆಗಿನ ಅಧಿಕಾರಿಯ ಮುಂದೆ ಹೋಗಿ ನಿಂತಳು. "ಸಾಹೇಬ್ರೇ, ಈ ಕ್ಯಾನು ಹೊತ್ಕಂಡು ಒಂದ್ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬನ್ನಿ, ಆಮೇಲೆ ಮಾತಾಡುವ" ಅಂದಳಂತೆ. ಅವರು ನಕ್ಕರಂತೆ, ಹೊರಲಿಲ್ಲ. ಆದರೆ ಎರಡು ತಿಂಗಳಿಗೆ ನಮ್ಮ ಕೇರಿಯಲ್ಲೇ ಡೇರಿ ಆಯಿತು, ದಿನಕ್ಕೆರಡು ಸಲ ಹಾಲಿನ ಗಾಡಿ ಬರತೊಡಗಿತು. ಮೊದಲ ಸದಸ್ಯ ಸಂಖ್ಯೆ ಅವ್ವನದು. ಆ ಗಾಡಿಯನ್ನು ಅವಳು ತವರಿನಿಂದ ತಂದ ಬಳುವಳಿಯ ಹಾಗೆ ನೋಡಿಕೊಳ್ಳುತ್ತಿದ್ದಳು. ಎರಡು ನಿಮಿಷ ತಡವಾದರೆ ಡ್ರೈವರಿಗೆ ಮಂಗಳಾರತಿ.

ಅವ್ವ ಸತ್ತ ದಿನ ನಾನು ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆ. ಅಣ್ಣ ಫೋನ್ ಮಾಡಿ "ಅವ್ವ ಹೋದ್ಲು" ಅಂದ. ನಾನು "ಹೂಂ, ಬತ್ತೆ" ಅಂದೆ. ಡಬ್ಬಿಯ ಮುಚ್ಚಳ ಹಾಕಿದೆ. ರಜೆಯ ಅರ್ಜಿ ತೆಗೆದು, ಕಾರಣ ಎಂಬಲ್ಲಿ 'ಸ್ವಂತ ಕೆಲಸದ ನಿಮಿತ್ತ' ಎಂದು ಬರೆದು ಗುಮಾಸ್ತರ ಮೇಜಿನ ಮೇಲಿಟ್ಟೆ. ನಿಜವಾದ ಕಾರಣ ಬರೆದರೆ ನಾಲ್ಕು ಜನ ಬಂದು ಸುತ್ತ ನಿಲ್ಲುತ್ತಾರೆ, ಏನಾದರೂ ಹೇಳುತ್ತಾರೆ, ಅದಕ್ಕೆ ನಾನು ಏನಾದರೂ ಹೇಳಬೇಕಾಗುತ್ತದೆ. ಅದು ಬೇಡವಾಗಿತ್ತು. ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಸೀಟು ಸಿಕ್ಕಿತಲ್ಲ ಎಂದು ಸಮಾಧಾನವಾದದ್ದು ನೆನಪಿದೆ. ಬೇರೇನೂ ಆಗಲಿಲ್ಲ.

ಮನೆಯಲ್ಲಿ ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಕಾದೆ. ಬೆಳಿಗ್ಗೆ ಅವ್ವ ಎಂದಿನ ಹಾಗೆ ಹಾಲು ಕರೆದು ಡೇರಿಗೆ ಹಾಕಿ ಬಂದು, ಸ್ವಲ್ಪ ಮಲಗುತ್ತೇನೆ ಎಂದವಳು ಊಟಕ್ಕೆ ಏಳಲಿಲ್ಲ ಎಂದು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನೂ ಪ್ರತಿ ಸಲ ಕೇಳಿದೆ. ಪ್ರತಿ ಸಲವೂ ಬೇರೆ ಯಾರದೋ ಮನೆಯ ಸುದ್ದಿ ಕೇಳಿದ ಹಾಗಿತ್ತು.

ನಮ್ಮಲ್ಲಿ ಮದುವೆಯಾಗಿ ಹೋದ ಮಗಳಿಗೆ ಅಪ್ಪ ಅವ್ವನ ಸೂತಕ ಮೂರೇ ದಿನ. ಗಂಡು ಮಕ್ಕಳಿಗೆ, ದಾಯಾದಿಗಳಿಗೆ ಹತ್ತು. ನಾಲ್ಕನೆಯ ದಿನ ಮಿಂದು ಬಂದೆ. ದೊಡ್ಡಮ್ಮ ನನ್ನ ಒದ್ದೆ ತಲೆ ನೋಡಿ "ನಿಂಗೆ ಮುಗೀತು ಮಗಾ" ಅಂದಳು. ಅಣ್ಣ ಜಗಲಿಯ ಮೂಲೆಯಲ್ಲಿ ಗಡ್ಡ ಬಿಟ್ಟು ಕೂತಿದ್ದ, ಅವನಿಗಿನ್ನೂ ಆರು ದಿನ ಬಾಕಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಎರಡು ಲೆಕ್ಕ. ಜಗಳ ಆಡುವಷ್ಟು ಸಿಟ್ಟೂ ಬರಲಿಲ್ಲ ನನಗೆ. ಹನ್ನೊಂದನೆಯ ದಿನಕ್ಕೆ ಬರುತ್ತೇನೆ ಎಂದು ಹೇಳಿ ಶಿರಸಿ ಬಸ್ಸು ಹಿಡಿದೆ.

ಸೂತಕದ ಮನೆಯ ಹಾಲು ಡೇರಿಗೆ ಹೋಗುವುದಿಲ್ಲ. ಹೀಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಡೇರಿಯವರೂ ಬೇಡ ಅನ್ನುವುದಿಲ್ಲ. ಆದರೆ ಕ್ಯಾನಿನಲ್ಲಿ ಎಲ್ಲರ ಹಾಲೂ ಒಂದಾಗುತ್ತದೆ, ಮುಂದೆ ಅದು ಯಾರ ಮನೆಯ ದೇವರಿಗೆ ನೈವೇದ್ಯವಾಗುತ್ತದೋ ಯಾರಿಗೆ ಗೊತ್ತು ಎಂದು ಮನೆಯವರೇ ನಿಲ್ಲಿಸುತ್ತಾರೆ. ನಮ್ಮ ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಒಂದೇ ಕುಲದವು. ಹನ್ನೊಂದಕ್ಕೂ ಸೂತಕ. ಉಳಿದ ಮೂರು ಮನೆಯ ಹಾಲು ಕ್ಯಾನಿನ ತಳ ಮುಚ್ಚುವುದಿಲ್ಲ, ಅಷ್ಟಕ್ಕೆ ಗಾಡಿ ಯಾಕೆ ಎಂದು ಅವರೂ ಹಾಕಲಿಲ್ಲ. ಹತ್ತು ದಿನ ಎಮ್ಮೆಗಳು ಎಂದಿನಂತೆ ಹಾಲು ಕೊಟ್ಟವು. ಕರುಗಳು ಹೊಟ್ಟೆ ತುಂಬ ಕುಡಿದವು, ಮನೆಮನೆಯಲ್ಲಿ ಮಜ್ಜಿಗೆ, ತುಪ್ಪ. ನಮ್ಮ ಕಂಪ್ಯೂಟರಿಗೆ ಮಾತ್ರ ಏನೂ ಬರಲಿಲ್ಲ.

ನಾನು ಆಫೀಸಿಗೆ ಬಂದ ದಿನವೇ ಸಾಹೇಬರು ಕರೆದರು. ಅವರು ಹಾವೇರಿ ಕಡೆಯವರು, ಒಳ್ಳೆಯ ಮನುಷ್ಯ, ಸಂಖ್ಯೆ ಕಂಡರೆ ತಪ್ಪು ಹುಡುಕದೆ ಬಿಡುವವರಲ್ಲ. "ಇಲ್ಲಿ ನೋಡ್ರಿ. ಸಿದ್ದಾಪುರ ಕಡೀ ಈ ಡೇರಿ ವಾರದಾಗ ನಾಕು ದಿನ ಬಾಗಲಾ ತಗೀತೈತಿ. ಸರಾಸರಿ ಹೆಂಗ ಇಷ್ಟ್ ಚಲೋ ಬರ್ತೈತ್ರಿ?"

ನೋಡಿದೆ. ತಪ್ಪು ನನ್ನದೇ. ನಾನು ಬರೆದ ಸೂತ್ರ ಹಾಲು ಬಂದ ದಿನಗಳನ್ನು ಮಾತ್ರ ಎಣಿಸಿ ಅಷ್ಟರಿಂದಲೇ ಭಾಗಿಸುತ್ತಿತ್ತು. ಬಾರದ ದಿನವನ್ನು ಸೊನ್ನೆ ಎಂದು ತಿಳಿಯದೆ, ಆ ದಿನ ಆಗಲೇ ಇಲ್ಲವೇನೋ ಎಂಬಂತೆ ಹಾರಿಸಿಬಿಡುತ್ತಿತ್ತು. ಸರಿ ಮಾಡುವುದು ಕಷ್ಟವಲ್ಲ. ದಿನಾಂಕದ ಕೋಷ್ಟಕದಲ್ಲಿ ಒಂದು ದಿನವೂ ಬಿಟ್ಟುಹೋಗದಂತೆ ಎಲ್ಲ ದಿನ ಇರಬೇಕು, ಹಾಲು ಬರಲಿ ಬಿಡಲಿ ಮೂವತ್ತು ದಿನ ಎಂದರೆ ಮೂವತ್ತರಿಂದಲೇ ಭಾಗಿಸಬೇಕು. ಅರ್ಧ ಗಂಟೆಯಲ್ಲಿ ಮುಗಿಸಿದೆ. ಪರದೆ ಹೊಸದಾಗಿ ತೆರೆದುಕೊಂಡಿತು. ಸಿದ್ದಾಪುರದ ಆ ಡೇರಿ ಕೆಂಪಾಯಿತು. ಯಲ್ಲಾಪುರದ ಪಟ್ಟಿಯಲ್ಲಿ ನಮ್ಮ ಕೇರಿಯ ಗೆರೆ ಬಗ್ಗತೊಡಗಿತ್ತು, ದಿನವೂ ಇನ್ನಷ್ಟು ಬಗ್ಗಿತು.

ಅದರ ಅರ್ಥ ಏನೆಂದು ಆಫೀಸಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ತಿಂಗಳ ಕೊನೆಗೆ ಮೂವತ್ತು ದಿನದ ಸರಾಸರಿ ಒಂದು ಮಿತಿಗಿಂತ ಕೆಳಗಿಳಿದ ಡೇರಿಗೆ ಗಾಡಿ ನಿಲ್ಲಿಸುತ್ತಾರೆ. ನಮ್ಮದು ಚಿಕ್ಕ ಡೇರಿ, ಮಿತಿಗಿಂತ ಹತ್ತಿಪ್ಪತ್ತು ಲೀಟರ್ ಮೇಲಿದ್ದದ್ದು ಅಷ್ಟೇ. ಹತ್ತು ದಿನದ ಸೊನ್ನೆ ಸೇರಿದರೆ ಮೂರನೆಯ ಒಂದು ಭಾಗ ಹೋಗುತ್ತದೆ. ಅವ್ವ ತಂದ ಗಾಡಿ ಅವ್ವನ ಸಾವಿನಿಂದಲೇ ಹೋಗುತ್ತದೆ ಎಂದು ನನಗೆ ಹದಿನೈದು ದಿನ ಮೊದಲೇ ಗೊತ್ತಿತ್ತು.

ಆದರೂ ಹೇಳಲಿಲ್ಲ. ಯಾಕೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಕಾರಣ ದಾಸನಕೊಪ್ಪದ ಕಡೆಯ ಒಬ್ಬ ಡೇರಿ ಕಾರ್ಯದರ್ಶಿ. ದೀಪಾವಳಿ ಕಳೆದ ಮೇಲೆ ಅವರು ಫೋನ್ ಮಾಡಿ, ಹೋದ ವರ್ಷ ಹಬ್ಬ ನವೆಂಬರಿನಲ್ಲಿತ್ತು, ಈ ವರ್ಷ ಅಕ್ಟೋಬರಿನಲ್ಲಿ ಬಂತು, ಹಬ್ಬದ ಮೂರು ದಿನ ನಮ್ಮಲ್ಲಿ ಹಾಲು ಮನೆಯಲ್ಲೇ ಉಳಿಯುತ್ತದೆ, ಅಕ್ಟೋಬರನ್ನು ಅಕ್ಟೋಬರಿಗೆ ಹೋಲಿಸಿದರೆ ನಾವು ಇಳಿದ ಹಾಗೆ ಕಾಣುತ್ತದೆ ಎಂದು ಬಿಡಿಸಿ ಹೇಳಿದ್ದರು. "ಹಬ್ಬಕ್ಕ ಹಬ್ಬ ಹೋಲಿಸ್ರೀ ಅಕ್ಕಾರ." ನಾನು ಠೀವಿಯಿಂದ ಹೇಳಿದ್ದೆ, ಕಂಪ್ಯೂಟರಿಗೆ ಹಬ್ಬ ಗೊತ್ತಿಲ್ಲ, ಲೆಕ್ಕ ಎಲ್ಲರಿಗೂ ಒಂದೇ. ಈಗ ಅದೇ ಕಂಪ್ಯೂಟರಿಗೆ ನನ್ನ ಕೇರಿಯ ಸೂತಕ ಮಾತ್ರ ಗೊತ್ತಾಗಬೇಕು ಎಂದು ಯಾವ ಮುಖ ಹೊತ್ತು ಕೇಳಲಿ. ಇದು ಒಂದು ಕಾರಣ. ಇನ್ನೊಂದು, ನನಗೆ ಏನೂ ಅನಿಸುತ್ತಿರಲಿಲ್ಲ. ಪರದೆಯ ಮೇಲೆ ಗೆರೆ ಬಗ್ಗುವುದನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ. ಹನ್ನೊಂದನೆಯ ದಿನಕ್ಕೆ ಊರಿಗೆ ಹೋಗಿ ಊಟ ಮಾಡಿ ಬಂದೆ. ತಿಂಗಳ ಕೊನೆಗೆ ಕೆಂಪು ಪಟ್ಟಿಯನ್ನು ನಾನೇ ಪ್ರಿಂಟ್ ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಸಹಿ ಹಾಕಿದರು.

ಗಾಡಿ ನಿಂತ ಎರಡು ವಾರಕ್ಕೆ ಅತ್ತಿಗೆಯ ಫೋನು ಬಂತು. ಅವಳು ಜೋರು ಮಾತಿನವಳಲ್ಲ.

"ಗಾಡಿ ಬತ್ತಾ ಇಲ್ಲ" ಅಂದಳು. "ಹಳೇ ಡೇರಿಗೆ ಹೊತ್ಕಂಡು ಹೋಗ್ತೆ ಈಗ. ಎರಡು ಹೊತ್ತೂ."

"ಅಣ್ಣ?"

"ಅವ್ರು ಬೈಕಲ್ಲಿ ಹೋಗ್ತಿದ್ರು. ಗದ್ದೆ ಕೆಲ್ಸ ಶುರುವಾಯ್ತಲ್ಲ. ಕೇರೀಲಿ ನಾಕು ಮನೆಯವ್ರು ಹಾಲು ಹಾಕೂದೇ ಬಿಟ್ರು." ಆಮೇಲೆ ಕೇಳಿದಳು, "ನಿಂಗೆ ಮೊದ್ಲೇ ಗೊತ್ತಿತ್ತನೇ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು" ಅಂದೆ.

ಅವಳು ಬಯ್ಯಲಿಲ್ಲ. "ಭುಜ ನೋಯ್ತದೆ ಮಾರಾಯ್ತಿ. ಅತ್ತೆ ಅಷ್ಟು ವರ್ಷ ಹೆಂಗೆ ಹೊತ್ರೋ" ಅಂದು ಫೋನ್ ಇಟ್ಟಳು. ಬಯ್ದಿದ್ದರೆ ನಾನು ಇನ್ನೂ ಹದಿನೈದು ದಿನ ಸುಮ್ಮನಿರುತ್ತಿದ್ದೆನೋ ಏನೋ. ಎದ್ದು ಸಾಹೇಬರ ಕೋಣೆಗೆ ಹೋದೆ.

ನಮ್ಮ ಕೇರಿಯ ಗೆರೆ ತೋರಿಸಿ, ಈ ಹತ್ತು ದಿನವನ್ನು ಎಣಿಕೆಯಿಂದ ತೆಗೆಯಬೇಕು ಅಂದೆ. ಕಾರಣ ಕೇಳಿದರು. ಸೂತಕ ಅಂದೆ. "ಯಾರ್ದು?" ಅಂದರು.

"ನಮ್ಮ ಅವ್ವಂದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದಿನಾಂಕ ನೋಡಿದರು, ನನ್ನನ್ನು ನೋಡಿದರು. "ಇದ ಸೂತ್ರ ನೀವು ಆ ವಾರನ ಕುಂತು ಸರಿ ಮಾಡಿಕೊಟ್ರಲ್ರಿ. ಹೇಳಬಾರದೇನ್ರಿ ನಮಗ?" ಹೇಳಬೇಕು ಅನ್ನಿಸಿರಲಿಲ್ಲ ಎನ್ನುವುದನ್ನು ಹೇಗೆ ಹೇಳುವುದು. ಅವರು ಕನ್ನಡಕ ಮತ್ತೆ ಹಾಕಿಕೊಂಡು ಅಂದರು, "ಮಾಡೂಣು. ಆದ್ರ ನಿಮ್ಮ ಊರಿಗಷ್ಟ ಬ್ಯಾಡ್ರಿ. ಎಲ್ಲಾ ಊರಿಗೂ ಮಾಡ್ರಿ."

ಹೀಗಾಗಿ ದಿನಾಂಕದ ಕೋಷ್ಟಕದ ಪಕ್ಕದಲ್ಲಿ ಇನ್ನೊಂದು ಕೋಷ್ಟಕ ಹುಟ್ಟಿತು. ಡೇರಿ, ದಿನಾಂಕ, ಕಾರಣ. ಅದಕ್ಕೆ 'ಹಾಲು ಹಾಕದ ದಿನಗಳು' ಎಂದು ಹೆಸರಿಟ್ಟೆ. ಮೂರು ತಾಲೂಕಿನ ಕಾರ್ಯದರ್ಶಿಗಳಿಗೆಲ್ಲ ಫೋನ್ ಮಾಡಿ ಒಂದು ವರ್ಷದ ಅಂಥ ದಿನಗಳನ್ನು ಕೇಳಿ ಬರೆದುಕೊಂಡೆ. ಕೆಲವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದರು, ಕೆಲವರು ಯಾರು ಸತ್ತಾಗ ಎಂದು ನೆನಪು ಮಾಡಿಕೊಂಡು ಹೇಳಿದರು. ಸೂತಕ, ಹಬ್ಬ, ಊರಿಗೆ ಊರೇ ಚಂದಗುಳಿಯ ಗಂಟೆ ಗಣಪತಿಗೆ ಹರಕೆ ತೀರಿಸಲು ಹೋದ ದಿನ, ಹಳ್ಳ ಬಂದು ದಾರಿ ಕಟ್ಟಿದ ದಿನ. ಅಲುಗಾಡದ ಗೆರೆಯ ಕೆಳಗೆ ಇಷ್ಟೊಂದು ಇತ್ತು ಎಂದು ನನಗೆ ಗೊತ್ತಿರಲಿಲ್ಲ. ದಾಸನಕೊಪ್ಪದ ಕಡೆಯವರಿಗೆ ಎಲ್ಲರಿಗಿಂತ ಕೊನೆಗೆ ಫೋನ್ ಮಾಡಿದೆ. ಹಬ್ಬದ ದಿನ ಕೇಳಿದೆ. "ಕಂಪ್ಯೂಟರಿಗೆ ಹಬ್ಬ ಗೊತ್ತಾತೇನ್ರೀ ಅಕ್ಕಾರ" ಅಂದರು. "ಕಲಿಸ್ತಾ ಇದ್ದೇನೆ" ಅಂದೆ. ನಕ್ಕು, ಬರಕೊಳ್ರಿ ಎಂದು ಒಂದೊಂದಾಗಿ ಹೇಳಿದರು. ಆ ಮನುಷ್ಯನ ಎದುರು ನನಗೆ ನಾಚಿಕೆಯಾಯಿತು. ಎಷ್ಟೋ ದಿನದ ಮೇಲೆ ಏನಾದರೂ ಆದದ್ದು ಅದೊಂದೇ.

ಮರುತಿಂಗಳು ನಮ್ಮ ಕೇರಿಗೆ ಗಾಡಿ ಮತ್ತೆ ಬಂತು. ಬಿಟ್ಟಿದ್ದ ನಾಲ್ಕು ಮನೆಯವರಲ್ಲಿ ಮೂವರು ಮತ್ತೆ ಹಾಲು ಹಾಕಿದರು, ಒಬ್ಬರು ಎಮ್ಮೆ ಮಾರಿಯಾಗಿತ್ತು. ನಾನು ಮತ್ತೆ ಗೆರೆ ಎಳೆಯುತ್ತ ಕೂತೆ.

ಅವ್ವನ ವರ್ಷಾಂತಕ್ಕೆ ಊರಿಗೆ ಹೋದೆ. ತಿಥಿಯ ಪ್ರಕಾರ ಮಾಡುವುದರಿಂದ, ಅಧಿಕ ಮಾಸ ಬಾರದ ವರ್ಷ ಅದು ಸತ್ತ ತಾರೀಖಿಗಿಂತ ಹನ್ನೊಂದು ದಿನ ಮುಂಚೆ ಬರುತ್ತದೆ. ಆ ಬೆಳಿಗ್ಗೆ ಅತ್ತಿಗೆಯ ಜೊತೆ ಡೇರಿಗೆ ನಡೆದೆ. ಅವಳು ಈಗಲೂ ಅವ್ವನ ಸದಸ್ಯ ಸಂಖ್ಯೆಯಲ್ಲೇ ಹಾಲು ಹಾಕುತ್ತಾಳೆ, ಬದಲಾಯಿಸುವ ಗೋಜಿಗೆ ಯಾರೂ ಹೋಗಿಲ್ಲ. ಹೋದ ವರ್ಷಕ್ಕಿಂತ ಹೇಗಿದೆ ನಮ್ಮ ಡೇರಿ ಎಂದು ಕಾರ್ಯದರ್ಶಿ ಕೇಳಿದರು. ಮೊಬೈಲಿನಲ್ಲಿ ತೆರೆದು ತೋರಿಸಿದೆ. ಹಾಗೇ ಬೆರಳು ಮುಂದೆ ಹೋಗಿ ಸದಸ್ಯರ ಪಟ್ಟಿ ತೆರೆಯಿತು. ಒಬ್ಬೊಬ್ಬರ ಲೆಕ್ಕದ ತನಕ ನಾನು ಇಳಿದದ್ದೇ ಇರಲಿಲ್ಲ, ನಮಗೆ ಆಫೀಸಿನಲ್ಲಿ ಡೇರಿಯ ಮೊತ್ತ ಸಾಕು. ಮೊದಲ ಸಂಖ್ಯೆ. ಇವತ್ತು ಬೆಳಿಗ್ಗೆ ಎರಡೂವರೆ ಲೀಟರ್. ಹೋದ ವರ್ಷ ಇದೇ ದಿನ ಬೆಳಿಗ್ಗೆ ಮೂರು ಲೀಟರ್ ಆರುನೂರು ಮಿಲಿ.

ಅತ್ತಿಗೆ ನೋಡಿದಳು. ಬೆರಳು ಮಡಿಸಿ ಎಣಿಸಿದಳು. "ಇದು ಅತ್ತೆ ಹಾಕಿದ್ದು" ಅಂದಳು. "ಹಂಗಾರೆ ನಿನ್ನ ಮೊಬೈಲಲ್ಲಿ ಅವ್ರು ಇನ್ನೂ ಹನ್ನೊಂದು ದಿನ ಇರ್ತಾರೆ."

ಮನೆಯಲ್ಲಿ ಅಣ್ಣ ಪಿಂಡ ಇಟ್ಟ. ನಾನು ಊಟ ಮಾಡಿ ಶಿರಸಿಗೆ ಬಂದೆ.

ಆಮೇಲೆ ದಿನವೂ ಬೆಳಿಗ್ಗೆ ಆಫೀಸಿಗೆ ಬಂದ ಕೂಡಲೇ ಅದನ್ನೇ ತೆರೆಯತೊಡಗಿದೆ. ಹೋದ ವರ್ಷ ಇದೇ ದಿನ. ಮೂರೂವರೆ ಲೀಟರ್. ಮೂರು ಏಳುನೂರು. ಮೂರೂವರೆ. ಮೂರು ಆರುನೂರು. ಮೂರು ನಾನೂರು. ಅವ್ವ ಎಮ್ಮೆಯ ಪಕ್ಕ ಕೂತು ಕರೆಯುತ್ತಿರುವ ಹಾಗೆ ಬರುತ್ತಿತ್ತು ಒಂದೊಂದು ದಿನದ್ದು. ಆಮೇಲೆ ಮೂರು. ಮರುದಿನ ಎರಡು ಏಳುನೂರು. ಎರಡು ಮುನ್ನೂರು. ಎರಡು. ಒಂದೂವರೆ. ಕೊನೆಯ ದಿನ ಬೆಳಿಗ್ಗೆ ಒಂಬೈನೂರು ಮಿಲಿ, ಸಂಜೆಯ ಜಾಗ ಖಾಲಿ.

ಅತ್ತಿಗೆಗೆ ಫೋನ್ ಮಾಡಿದೆ. ಎಮ್ಮೆ ಹಾಲು ಕಡಿಮೆ ಮಾಡಿತ್ತೇ ಆ ವಾರ ಎಂದು ಕೇಳಿದೆ.

"ಇಲ್ಲೇ. ಎಮ್ಮೆ ಸಮಾ ಕೊಡ್ತಿತ್ತು. ಅತ್ತೆಗೆ ಕೈಯಲ್ಲಿ ಬಲ ಇಲ್ದೇ ಅರ್ಧಕ್ಕೇ ಏಳ್ತಿದ್ರು. ಉಳಿದದ್ದು ಕರು ಕುಡೀಲಿ ಅಂತಿದ್ರು. ನಾ ಕರೀತೆ ಅಂದ್ರೆ ಬಿಡ್ತಿರ್ಲಿಲ್ಲ." ಮತ್ತೆ ಅಂದಳು, "ನಿಂಗೆ ಹೇಳೂದು ಬೇಡ ಅಂದಿದ್ರು."

ಆ ವಾರದ ಏಳೂ ದಿನ ನಾನು ನಮ್ಮ ಕೇರಿಯ ಗೆರೆಯನ್ನು ನೋಡಿದ್ದೆ. ಊರಿನ ಗೆರೆ ಎಂದು ದಿನವೂ ತಪ್ಪದೆ ನೋಡುತ್ತಿದ್ದೆ. ಹದಿನಾಲ್ಕು ಮನೆಯ ಹಾಲು ಕೂಡಿಸಿ, ಏಳು ದಿನಕ್ಕೆ ಹಂಚಿ, ನಾನೇ ಎಳೆದ ಗೆರೆ. ಅದು ಅಲುಗಾಡಿರಲಿಲ್ಲ.

ಮರುದಿನ ಬೆಳಿಗ್ಗೆ ತೆರೆದಾಗ ಹೋದ ವರ್ಷದ ಜಾಗ ಖಾಲಿ ಇತ್ತು. ಆಗ ಅಳು ಬಂತು. ಮೇಜಿನ ಮುಂದೆ ಕೂತು ಜೋರಾಗಿ ಅತ್ತೆ. ನಾಲ್ಕು ಜನ ಬಂದು ಸುತ್ತ ನಿಂತರು, ಏನಾಯಿತು ಎಂದು ಕೇಳಿದರು. ಅವ್ವ ಸತ್ತಳು ಅಂದೆ. ಯಾವಾಗ ಎಂದು ಯಾರೋ ಕೇಳಿದರು. ಸಾಹೇಬರು ಬಾಗಿಲಲ್ಲಿ ನಿಂತು ಅವರನ್ನೆಲ್ಲ ಕಳಿಸಿ, "ಮನೀಗೆ ಹೋಗ್ರಿ, ನಾಕ ದಿನ ಬಿಟ್ಟು ಬರ್ರಿ" ಅಂದರು. ರಜೆಯ ಅರ್ಜಿ ತೆಗೆದೆ. ಕಾರಣ ಎಂಬಲ್ಲಿ 'ತಾಯಿಯ ಮರಣ' ಎಂದು ಬರೆದು ಕೊಟ್ಟೆ. ಅವರು ದಿನಾಂಕ ಕೇಳದೆ ಸಹಿ ಹಾಕಿದರು.